ಗೇನ್ಯಾ ಸ್ಕಿಬಾಳ ಬಾಯಿಂದ ಬಿದ್ದ ಪದ

ಗೇನ್ಯಾ ಸ್ಕಿಬಾಳನ್ನು ಜೈಲಿಗೆ ಕಳಿಸಿದ್ದು ನಮ್ಮಪ್ಪ. ಅವನು ಪೊಲೀಸಿನವನಲ್ಲ, ಜಡ್ಜೂ ಅಲ್ಲ. ಗಣಿಯಲ್ಲಿ ಕಲ್ಲಿದ್ದಲು ಕಡಿಯುತ್ತಿದ್ದವನು. ಕೋರ್ಟಿನಲ್ಲಿ ಅವನನ್ನು ಒಂದು ಪದದ ಅರ್ಥ ಕೇಳಿದರು. ಅವನು ಹೇಳಿದ. ಅಷ್ಟೇ ನಡೆದದ್ದು.

ನಮ್ಮ ಬೀದಿಯಲ್ಲಿ ಈ ಸಂಗತಿಯನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ನಾನು ಗೇನ್ಯಾಳ ಬಾಯಿಂದ ಕೇಳಿದ್ದನ್ನೂ ಅಪ್ಪನ ಬಾಯಿಂದ ಎಳೆದು ತೆಗೆದದ್ದನ್ನೂ ಸೇರಿಸಿ ಹೇಳುತ್ತಿದ್ದೇನೆ.

ನಾವು ಫ್ರಾನ್ಸಿನಿಂದ ಬಂದವರು. ಅಲ್ಲಿನ ಉತ್ತರದ ಗಣಿಗಳಿಗೆ ನಮ್ಮ ಅಜ್ಜಂದಿರು ಹೊಟ್ಟೆಪಾಡಿಗೆ ಹೋಗಿದ್ದರು. ಯುದ್ಧ ಮುಗಿದ ಮೇಲೆ ಪೋಲೆಂಡಿನ ಹೊಸ ಸರ್ಕಾರ, ಬನ್ನಿ, ಗಣಿಗೆ ಜನ ಬೇಕು, ಮನೆ ಕೊಡುತ್ತೇವೆ ಎಂದು ಕರೆಯಿತು. ರೈಲು ತುಂಬಿಕೊಂಡು ವಾವ್ಬ್ಝಿಖ್‌ನಲ್ಲಿ ಬಂದಿಳಿದೆವು. ಜರ್ಮನರನ್ನು ಆಗಷ್ಟೇ ಹೊರಗೆ ಹಾಕಿದ್ದ ಊರು. ಕಪಾಟುಗಳಲ್ಲಿ ಅವರ ಪಿಂಗಾಣಿ ಇನ್ನೂ ಹಾಗೇ ಇತ್ತು. ಪೋಲೆಂಡಿನ ಪೂರ್ವದ ಕಡೆಯಿಂದ ಮೇಕೆ, ಕೋಳಿ ಕಟ್ಟಿಕೊಂಡು ಬಂದು ನೆಲೆಸಿದ್ದವರು ನಮ್ಮನ್ನು 'ಫ್ರೆಂಚರು' ಎಂದು ಕರೆದರು. ಫ್ರಾನ್ಸಿನಲ್ಲಿದ್ದಷ್ಟು ದಿನ ನಾವು 'ಕೊಳಕು ಪೋಲಕ್‌ಗಳು' ಆಗಿದ್ದೆವು.

ನನ್ನನ್ನು ಹೆತ್ತವಳು ಒದೀಲ್, ಫ್ರೆಂಚ್ ಹೆಂಗಸು. ನಾನು ಹುಟ್ಟಿದ ವಾರದಲ್ಲೇ ಅಲ್ಲೇ ತೀರಿಕೊಂಡಳು. ಅಪ್ಪ ಹಿಪೊಲಿತ್ ನನ್ನನ್ನು ಎತ್ತಿಕೊಂಡು ಇಲ್ಲಿಗೆ ಬಂದ, ಬಂದ ವರ್ಷವೇ ಪೂರ್ವದ ಕಡೆಯ ಪೆತ್ರೊನೇಲಾಳನ್ನು ಮದುವೆಯಾದ. ನನ್ನನ್ನು ಸಾಕಿದವಳು ಅವಳೇ, ಹಾಗಾಗಿ ಅಮ್ಮ ಎಂದರೆ ಅವಳೇ. ಅವಳಿಗೆ ಫ್ರೆಂಚಿನ ಒಂದಕ್ಷರ ಬರುತ್ತಿರಲಿಲ್ಲ. ಅಪ್ಪನೂ ಆ ಭಾಷೆಯನ್ನು ಮನೆಯ ಹೊಸ್ತಿಲ ಆಚೆ ಬಿಟ್ಟುಬಿಟ್ಟ.

ಗೇನ್ಯಾ ಬಂದದ್ದೂ ಅದೇ ರೈಲಿನಲ್ಲಿ, ತನ್ನ ಅಪ್ಪ ಸ್ಕಿಬಾ ಮುದುಕನ ಜೊತೆ; ಫ್ರಾನ್ಸಿನಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಆಗ ಅವಳಿಗೆ ಇಪ್ಪತ್ತೆರಡಿರಬೇಕು. ಉದ್ದ ಕೈಕಾಲು, ಬೀದಿಯ ಆ ತುದಿಗೆ ಕೇಳುವಂಥ ನಗು. ಕಾಫಿಯನ್ನು ಬೋಗುಣಿಯಲ್ಲಿ ಕುಡಿಯುತ್ತಿದ್ದಳು. ಅಂಗಳಕ್ಕೆ ಇಳಿದರೆ ಕಾಲಲ್ಲಿ ಅಲ್ಲಿಂದ ತಂದ ಮರದ ಬೂಟು, ಟಕಟಕ. "ಬಂತಪ್ಪಾ ಫ್ರೆಂಚರ ಕುದುರೆ!" ಎಂದು ಹೆಂಗಸರು ಕಿಟಕಿಯಿಂದ ಕೂಗುತ್ತಿದ್ದರು. ಅವಳು ಕೆನೆದು ತೋರಿಸುತ್ತಿದ್ದಳು.

ಅವಳ ಪೋಲಿಷ್ ಅಡುಗೆಮನೆಯ ಪೋಲಿಷ್. ಸ್ಕೂಲಿನಲ್ಲಿ ಕಲಿತದ್ದೆಲ್ಲ ಫ್ರೆಂಚ್. ಹಾಗಾಗಿ ಎಲ್ಲಿ ಪದ ಸಿಗಲಿಲ್ಲವೋ ಅಲ್ಲಿ ಫ್ರೆಂಚ್ ಪದವನ್ನು ಎತ್ತಿ, ಅದಕ್ಕೆ ಪೋಲಿಷ್ ಬಾಲ ಅಂಟಿಸಿ ಮಾತಾಡಿಬಿಡುವಳು. ನಮ್ಮವರೆಲ್ಲ ಹಾಗೇ ಮಾತಾಡುತ್ತಿದ್ದರು, ಬೇರೆಯವರು ನಗುತ್ತಿದ್ದರು, ಯಾರಿಗೂ ಅದರಿಂದ ನಷ್ಟವಿರಲಿಲ್ಲ.

ಅವಳಿಗೆ ಗಣಿಯ ದೀಪದ ಕೋಣೆಯಲ್ಲಿ ಕೆಲಸ ಸಿಕ್ಕಿತು. ಪಾಳಿಗೆ ಇಳಿಯುವವರು ಕಿಟಕಿಗೆ ಬಂದು ತಮ್ಮ ನಂಬರಿನ ಬಿಲ್ಲೆ ಕೊಡಬೇಕು, ಅವಳು ಚಾರ್ಜಾದ ದೀಪ ಕೊಡಬೇಕು. ಮೇಲೆ ಬಂದಾಗ ದೀಪ ವಾಪಸ್, ಬಿಲ್ಲೆ ವಾಪಸ್. ಯಾರ ಬಿಲ್ಲೆ ಮೊಳೆಗೆ ನೇತಾಡುತ್ತಲೇ ಉಳಿಯುತ್ತದೋ ಅವನು ಇನ್ನೂ ಭೂಮಿಯೊಳಗಿದ್ದಾನೆ ಎಂದರ್ಥ. "ಮುಖ ತೊಳ್ಕೊಂಡು ಬರೋಕಾಗಲ್ವೇನೋ, ಹೇಗೂ ಮಸಿ ಆಗುತ್ತೆ ಅಂತಾನಾ?" ಎಂದು ಬೈದುಕೊಂಡೇ ದೀಪ ಕೊಡುವಳು. ಎದ್ಮುಂದ್ ಎಂಬ, ಕಲ್ಲಿದ್ದಲಿನ ಗಾಡಿ ತಳ್ಳುವ ಹುಡುಗನಿಗೆ ಮಾತ್ರ ಬೈಯುತ್ತಿರಲಿಲ್ಲ. ಈಸ್ಟರ್ ಆದ ಮೇಲೆ ಮದುವೆ ಎಂದು ಮಾತಾಗಿತ್ತು.

ಈಸ್ಟರ್‌ಗೆ ಮುಂಚೆ ಜ್ವರ ಬಂತು. ಊರಿಗೆಲ್ಲ ಬಂದಿದ್ದ ಜ್ವರ. ಗೇನ್ಯಾ ರಜೆ ಹಾಕಲಿಲ್ಲ. ರಜೆ ಹಾಕಿದವರನ್ನು ಸೋಮಾರಿ ಎಂದು ಗೋಡೆಯ ಮೇಲೆ ಬರೆಯುತ್ತಿದ್ದ ಕಾಲ. ಜೊತೆಗಿದ್ದ ಇನ್ನೊಬ್ಬ ಹುಡುಗಿ ಹಾಲಿನಾ. ಅವಳು ಅವತ್ತು ತಡವಾಗಿ ಬಂದಿದ್ದಳು, ಇಬ್ಬರ ಕೆಲಸವನ್ನೂ ಗೇನ್ಯಾಳೇ ಮಾಡುತ್ತಿದ್ದಳು. ಕಣ್ಣು ಮಂಜಾಗಿ, ಚಾರ್ಜ್ ಆಗದ ದೀಪಗಳ ಸಾಲನ್ನು ಆದ ಸಾಲಿನ ಜಾಗಕ್ಕೆ ಇಟ್ಟುಬಿಟ್ಟಳು. ಅವೇ ಕಿಟಕಿಯಿಂದ ಹೊರಗೆ ಹೋದವು.

ಪಾಳಿಯ ಮಧ್ಯದಲ್ಲಿ ಒಂದು ಇಡೀ ವಿಭಾಗ ಕತ್ತಲಾಯಿತು. ಗಂಡಸರು ಒಬ್ಬರ ಬೆಲ್ಟು ಒಬ್ಬರು ಹಿಡಿದು, ಹಳಿಯನ್ನು ಕಾಲಲ್ಲಿ ತಡವುತ್ತ ಹೊರಗೆ ಬಂದರು. ಮರದ ಆಸರೆ ಕಟ್ಟುವ ವಯಸ್ಸಾದ ಕೆಲಸಗಾರನೊಬ್ಬ ಎಡವಿ ಬಿದ್ದು ಸೊಂಟ ಮುರಿದುಕೊಂಡ. ಯಾರೂ ಸಾಯಲಿಲ್ಲ. ಆಸ್ಪತ್ರೆಯ ಹಾಸಿಗೆಯಿಂದಲೇ ಆ ಮುದುಕ, "ಪಾಪ ಹುಡುಗಿಗೆ ಜ್ವರ ಇತ್ತು, ಕಿಟಕಿಲಿ ಕೈ ನಡುಗ್ತಿತ್ತು, ನಾನೇ ನೋಡಿದೀನಿ" ಅಂದ. ಅವನ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಅವಳನ್ನು ಮೇಲಿನ ಬೀದಿಯ ಗುಪ್ತ ಪೊಲೀಸರ ಆಫೀಸಿಗೆ ಕರೆದುಕೊಂಡು ಹೋದರು. ಆ ಆಫೀಸಿನ ಮುಂದೆ ನಡೆಯಬೇಕಾದಾಗ ಜನ ರಸ್ತೆ ದಾಟಿ ಆ ಬದಿಗೆ ಹೋಗುತ್ತಿದ್ದರು. ಒಳಗೆ ಕೂತಿದ್ದವನು ಚಿಕ್ಕ ವಯಸ್ಸಿನವನು, ಸಭ್ಯವಾಗಿಯೇ ಮಾತಾಡಿದನಂತೆ, ಚಹಾ ಕೂಡ ಕೊಟ್ಟನಂತೆ.

"ದೀಪ ಕೆಟ್ಟದ್ದು ಹೇಗೆ?"

"ಕೆಡ್ಲಿಲ್ಲ ಸಾರ್, ಚಾರ್ಜೇ ಆಗಿರ್ಲಿಲ್ಲ. ನಾನು ಸಾಬೊತೇ ಮಾಡ್ಬಿಟ್ಟೆ."

ಅವನು ಚಹಾದ ಲೋಟ ಕೆಳಗಿಟ್ಟ. "ಏನ್ ಮಾಡ್ದೆ?"

"ಸಾಬೊತೇ ಮಾಡ್ದೆ. ತಲೆ ಸುತ್ತಿತ್ತು. ಕೆಲಸ ಪೂರ್ತಿ ಸಾಬೊತೇ."

"ಹಾಲಿನಾನೂ ಸೇರಿದ್ಲಾ?"

"ಇಲ್ಲಪ್ಪ! ಅವಳ್ದೇನೂ ಇಲ್ಲ. ನಾನೊಬ್ಳೇ."

ಒಪ್ಪಿಕೊಂಡರೆ ಬೇಗ ಬಿಡುತ್ತಾರೆ ಎಂದು ಅವಳ ಎಣಿಕೆ. ಹಾಲಿನಾಳನ್ನು ಉಳಿಸಿದೆ ಎಂಬ ಸಮಾಧಾನ ಬೇರೆ. ಇನ್ನೊಮ್ಮೆ ಹೇಳು ಎಂದಾಗ ಇನ್ನೊಮ್ಮೆ ಹೇಳಿದಳು. ಅವನು ಬರೆದುಕೊಂಡ ಪದ 'ಸಬೋತಾಷ್'. ಪೋಲಿಷಿನಲ್ಲಿ ಆ ಪದಕ್ಕೆ ಒಂದೇ ಅರ್ಥ: ದೇಶಕ್ಕೆ ಹಾನಿಯಾಗಲಿ ಎಂದು ಬೇಕಂತಲೇ ಮಾಡಿದ ದ್ರೋಹ. ಆ ವರ್ಷಗಳಲ್ಲಿ ಆ ಪದಕ್ಕೆ ಜನರನ್ನು ನೇಣಿಗೂ ಹಾಕಿದ್ದರು.

ತಾನು ಏನು ಹೇಳಿದೆ ಎಂದು ಅವಳಿಗೆ ತಿಳಿಯುವ ಹೊತ್ತಿಗೆ ವಾರ ಕಳೆದಿತ್ತು, ಎರಡು ಹಲ್ಲು ಹೋಗಿದ್ದವು. "ಅದು ಬೇರೆ ಪದ ಸಾರ್! ನಮ್ಮಮ್ಮ ಹೆಣಿಗೆ ಕೆಟ್ಟಾಗ ಹೇಳ್ತಿದ್ದ ಪದ! ಹಿಪೊಲಿತ್‌ನ ಕೇಳಿ. ಅವನ ಮೊದಲ್ನೇ ಹೆಂಡತಿ ಅಸಲು ಫ್ರೆಂಚ್ ಹೆಂಗಸು. ಅವನಿಗೆ ಗೊತ್ತು" ಎಂದು ಗೋಗರೆದಳು.

ವಿಚಾರಣೆಯನ್ನು ಗಣಿಯ ಸಭಾಂಗಣದಲ್ಲೇ ಇಟ್ಟರು, ಕೆಲಸಗಾರರೆಲ್ಲ ನೋಡಿ ಕಲಿಯಲಿ ಎಂದು. ಬಾಗಿಲವರೆಗೂ ಜನ. ಎದ್ಮುಂದ್ ಹಿಂದಿನ ಸಾಲಿನಲ್ಲಿ ಕೂತಿದ್ದ. ಹಾಲಿನಾ ಸಾಕ್ಷಿ ಹೇಳಿದಳು: ಗೇನ್ಯಾ ಸ್ಕಿಬಾ ಯಾವಾಗಲೂ ಫ್ರಾನ್ಸನ್ನು ಹೊಗಳುತ್ತಿದ್ದಳು, ಅಲ್ಲಿನ ಬೆಣ್ಣೆ ಇಲ್ಲಿಗಿಂತ ಚೆನ್ನಾಗಿತ್ತು ಎನ್ನುತ್ತಿದ್ದಳು. ಗೇನ್ಯಾ ಅದಕ್ಕೆ ಹೌದೆಂದು ತಲೆಯಾಡಿಸಿದಳಂತೆ. ಬೆಣ್ಣೆಯ ಮಾತು ನಿಜವೇ ತಾನೆ.

ಆಮೇಲೆ ಅಪ್ಪನನ್ನು ಕರೆದರು. ಭಾನುವಾರದ ಕೋಟು ಹಾಕಿಕೊಂಡು ಹೋಗಿದ್ದ. ಅವನನ್ನು ನೋಡಿ ಗೇನ್ಯಾ, ಹಲ್ಲು ಹೋದ ಜಾಗವನ್ನು ತುಟಿಯಲ್ಲಿ ಮುಚ್ಚಿಕೊಂಡು, ನಕ್ಕಳು.

"ಸಾಕ್ಷಿ, ಆರೋಪಿ ಬಳಸಿದ ಪದ ಗೊತ್ತಾ ನಿಮಗೆ?"

"ಗೊತ್ತು."

"ಫ್ರೆಂಚಿನಲ್ಲಿ ಅದಕ್ಕೇನರ್ಥ?"

ಅಪ್ಪ ಕೋಟಿನ ಗುಂಡಿ ನೋಡುತ್ತ ನಿಂತಿದ್ದ. "ಇಲ್ಲಿ ಏನರ್ಥವೋ ಅಲ್ಲೂ ಅದೇ."

"ಬೇರೆ ಯಾವ ಅರ್ಥವೂ ಇಲ್ಲವಾ?"

"ನಾನು ಕೇಳಿಲ್ಲ."

ಗೇನ್ಯಾ ಮೊದಲು ನಕ್ಕಳಂತೆ. ತಮಾಷೆ ಮಾಡುತ್ತಿದ್ದಾನೆ, ಈಗ ಸರಿಯಾಗಿ ಹೇಳುತ್ತಾನೆ ಎಂದುಕೊಂಡಳಂತೆ. ಅವನು ಕೆಳಗಿಳಿದು ಟೋಪಿ ಎತ್ತಿಕೊಂಡಾಗ, "ಹಿಪೊಲಿತ್! ಒದೀಲ್ ಬೈತಿದ್ದದ್ದು ನೆನಪಿಲ್ವಾ? ಹಿಪೊಲಿತ್!" ಎಂದು ಕೂಗಿದಳು. ಅವನು ತಿರುಗಲಿಲ್ಲ.

ಏಳು ವರ್ಷ ಹಾಕಿದರು.

ಜೈಲಿನಲ್ಲಿ ಪ್ರತಿ ಬೆಳಗ್ಗೆ ಸಾಲಾಗಿ ನಿಲ್ಲಿಸಿ ಪೂರ್ತಿ ಹೆಸರು ಮತ್ತು ಅಪರಾಧ ಹೇಳಿಸುತ್ತಿದ್ದರು. ಅವಳು ಹೇಳಬೇಕಾದದ್ದು: "ಸ್ಕಿಬಾ ಗೆನೋವೆಫಾ, ಸಬೋತಾಷ್." ಮೊದಮೊದಲು ಅವಳ ನಾಲಿಗೆ ಅದನ್ನು ಫ್ರೆಂಚರ ಹಾಗೆ ಎಳೆದು ಉಚ್ಚರಿಸುತ್ತಿತ್ತು. ಕಾವಲಿನ ಹೆಂಗಸು, "ಪೋಲಿಷಿನಲ್ಲಿ ಹೇಳೇ, ಮಹಾರಾಣಿ," ಎಂದು ಬೀಗದ ಗೊಂಚಲಿನಿಂದ ಬೆರಳ ಗೆಣ್ಣಿಗೆ ಹೊಡೆಯುವಳು. ಸರಿಯಾಗಿ ಬರುವ ತನಕ ಹೇಳಿಸುವಳು. ಅವಳ ಪೋಲಿಷ್ ತಿದ್ದಿದ್ದು ಅಲ್ಲೇ. ಹೊರಗೆ ಬಂದ ಮೇಲೆ ಅವಳ ಮಾತಿನಲ್ಲಿ ಒಂದೇ ಒಂದು ಫ್ರೆಂಚ್ ಪದ ಉಳಿದಿರಲಿಲ್ಲ, ಬೇಕೆಂದೇ ಆಡಿದ್ದನ್ನು ಬಿಟ್ಟರೆ.

ಸ್ಕಿಬಾ ಮುದುಕನನ್ನು ಗಣಿಯ ಮನೆಯಿಂದ ಬಿಡಿಸಿ ಕಾರ್ಮಿಕರ ಹಾಸ್ಟೆಲಿನ ಮೂಲೆಗೆ ಹಾಕಿದರು. ನಮ್ಮ ಫ್ರೆಂಚರು ಯಾರೂ ಆ ಕಡೆ ಸುಳಿಯಲಿಲ್ಲ. ಊಟದ ಮನೆಯಲ್ಲಿ ಅವನು ತಟ್ಟೆ ಹಿಡಿದು ಕೂತರೆ ಆ ಬೆಂಚು ಖಾಲಿಯಾಗುತ್ತಿತ್ತು. ಎರಡನೇ ಚಳಿಗಾಲದಲ್ಲಿ ಸತ್ತ. ಮಗಳಿಗೆ ಸುದ್ದಿ ಮುಟ್ಟಿದ್ದು ಅವನ ಗುಂಡಿಯ ಮೇಲೆ ಹುಲ್ಲು ಬೆಳೆದ ಮೇಲೆ. ಎದ್ಮುಂದ್ ಹಾಲಿನಾಳನ್ನು ಮದುವೆಯಾದ.

ಕಾಲ ಸ್ವಲ್ಪ ಸಡಿಲವಾದಾಗ ಅವಳನ್ನು ಅವಧಿಗೆ ಮುಂಚೆ ಬಿಟ್ಟರು. ಮೂವತ್ತರ ಹೆಂಗಸು ಐವತ್ತರವಳ ಹಾಗೆ ಬಂದಳು. ದೀಪದ ಕೋಣೆಯ ಹತ್ತಿರವೂ ಬಿಟ್ಟುಕೊಳ್ಳಲಿಲ್ಲ. ಗಣಿಯ ಹೊರಗೆ, ಬೆಲ್ಟಿನ ಮೇಲೆ ಹರಿದು ಬರುವ ಕಲ್ಲಿದ್ದಲಿನಲ್ಲಿ ಕಲ್ಲು ಆರಿಸುವ ಕೆಲಸ ಕೊಟ್ಟರು. ಮನೆ ಹಂಚುವ ಆಫೀಸಿನವರಿಗೆ ಎಲ್ಲೂ ಜಾಗ ಸಿಗದೆ ನಮ್ಮ ಕಟ್ಟಡದ ಅಟ್ಟದ ಕೋಣೆ ಕೊಟ್ಟರು. ನಮ್ಮ ಬಾಗಿಲ ಮುಂದೆಯೇ ಹತ್ತಿ ಇಳಿಯಬೇಕು.

ಬಂದ ಮೊದಲ ದಿನವೇ ಮೆಟ್ಟಿಲಲ್ಲಿ ಅಪ್ಪ ಎದುರಾದ, ಕೈಯಲ್ಲಿ ಕಲ್ಲಿದ್ದಲಿನ ಬಕೀಟು. ಅವಳು ಗಂಟು ಕೆಳಗಿಟ್ಟು, ಇಡೀ ಕಟ್ಟಡಕ್ಕೆ ಕೇಳುವ ಹಾಗೆ, "ಬೊಂಜೂರ್, ಹಿಪೊಲಿತ್!" ಅಂದಳು.

ಅಪ್ಪನ ಕೈಯಿಂದ ಬಕೀಟು ಜಾರಿ ಕಲ್ಲಿದ್ದಲು ಮೆಟ್ಟಿಲ ಮೇಲೆಲ್ಲ ಉರುಳಿತು.

ಅಂದಿನಿಂದ ದಿನಾ ಅದೇ. ಎಲ್ಲಿ ಕಂಡರೂ, ಹಾಲಿನ ಅಂಗಡಿಯ ಸಾಲಿನಲ್ಲಿ, ಚರ್ಚಿನ ಬಾಗಿಲಲ್ಲಿ, ಸಂಬಳದ ಕಿಟಕಿಯಲ್ಲಿ, ಗಟ್ಟಿಯಾಗಿ, ನಗುನಗುತ್ತ: "ಬೊಂಜೂರ್, ಹಿಪೊಲಿತ್!" ಬೇರೆ ಒಂದು ಮಾತೂ ಇಲ್ಲ. ಅಪ್ಪ ಹೊರಗೆ ಹೊರಡುವ ಮುಂಚೆ ಬಾಗಿಲಿಗೆ ಕಿವಿ ಹಚ್ಚಿ ನಿಲ್ಲುವುದನ್ನು ಕಲಿತ. ಮೇಲೆ ಅವಳ ಬಾಗಿಲು ಕಿರುಗುಟ್ಟಿದರೆ ಟೋಪಿ ಕೈಯಲ್ಲಿ ಹಿಡಿದು ಹಾಗೇ ಕಾಯುವನು. ಅಮ್ಮನಿಗೆ ಇದೆಲ್ಲ ಬೇರೆಯೇ ಕಾಣುತ್ತಿತ್ತು. "ನೋಡು, ಎಂಥ ಒಳ್ಳೇವಳು. ಕೋರ್ಟಲ್ಲಿ ಕೇಳಿದ್ದಕ್ಕೆ ನಿಜ ಹೇಳ್ದ ನಿಮ್ಮಪ್ಪ, ಅದರಲ್ಲಿ ಅವನ ತಪ್ಪೇನೂ ಇಲ್ಲ. ಆದ್ರೂ ಬೇರೆಯವಳಾಗಿದ್ರೆ ಮುಖಕ್ಕೆ ಉಗೀತಿದ್ಲು. ಇವಳು ನಮಸ್ಕಾರ ಹೇಳ್ತಾಳೆ."

ಬೀದಿಯ ಮಕ್ಕಳು ಅವಳ ಹಿಂದೆ "ಸಬೋತಾಷ್! ಸಬೋತಾಷ್!" ಎಂದು ಕೂಗುತ್ತಿದ್ದರು. ಎದ್ಮುಂದ್‌ನ ಮಕ್ಕಳೇ ಎಲ್ಲರಿಗಿಂತ ಗಟ್ಟಿಯಾಗಿ.

ನಾನು ವ್ರೊತ್ಸ್ವಾಫ್‌ಗೆ ಹೋಗಿ ಯೂನಿವರ್ಸಿಟಿಯಲ್ಲಿ ಫ್ರೆಂಚ್ ತೆಗೆದುಕೊಂಡೆ. ಹೆತ್ತ ತಾಯಿಯ ಭಾಷೆ ಎಂಬ ಒಂದು ಸೆಳೆತ. ಎರಡನೇ ವರ್ಷ ಪದಗಳ ಹುಟ್ಟನ್ನು ಹೇಳಿಕೊಡುವ ಒಬ್ಬ ವಯಸ್ಸಾದ ಮೇಡಂ ಇದ್ದರು. ಫ್ರೆಂಚಿನಿಂದ ಪೋಲಿಷಿಗೆ ಬಂದ ಪದಗಳ ಪಾಠ. ಬಗಾಷ್ ಅಂದರೆ ಲಗೇಜು, ಗರಾಷ್ ಅಂದರೆ ಗ್ಯಾರೇಜು, ಮಕಿಯಾಷ್ ಅಂದರೆ ಮೇಕಪ್ಪು ಎಂದು ಬೋರ್ಡಿನ ಮೇಲೆ ಬರೆಯುತ್ತ ಹೋದವರು ಸಬೋತಾಷ್ ಎಂದೂ ಬರೆದರು.

"ಸಾಬೊ ಅಂದರೆ ಮರದ ಬೂಟು. ಕಾರ್ಮಿಕರು ಸಿಟ್ಟಿನಿಂದ ಆ ಬೂಟನ್ನು ಯಂತ್ರದೊಳಗೆ ಎಸೆದರು, ಅದರಿಂದ ಈ ಪದ ಹುಟ್ಟಿತು ಅಂತ ಎಲ್ಲರೂ ಹೇಳ್ತಾರೆ. ಚಂದದ ಕಥೆ, ಆಧಾರ ಇಲ್ಲ. ಮರದ ಬೂಟು ಹಾಕಿಕೊಂಡವನ ನಡಿಗೆ ಹೇಗಿರುತ್ತೆ? ಒಡ್ಡೊಡ್ಡು, ಟಕಟಕ. ಹಾಗೇ ಒಡ್ಡಾಗಿ, ಅಡ್ಡಾದಿಡ್ಡಿ ಮಾಡಿ ಕೆಲಸ ಕೆಡಿಸಿದರೆ ಅದು ಸಾಬೊತೇ. ಫ್ರಾನ್ಸಿನಲ್ಲಿ ಇವತ್ತಿಗೂ ಹೆಂಡತಿ ಗಂಡನಿಗೆ ಬೈಯೋ ಮಾತು. ಕಾರ್ಮಿಕ ಸಂಘದವರು 'ಕೆಟ್ಟ ಕೂಲಿಗೆ ಕೆಟ್ಟ ಕೆಲಸ' ಅಂತ ಹೋರಾಟ ಶುರು ಮಾಡಿದ ಮೇಲೆ ಅದಕ್ಕೆ ಎರಡನೇ ಅರ್ಥ ಬಂತು, ಬೇಕಂತಲೇ ಕೆಡಿಸೋದು. ನಾವು ಪತ್ರಿಕೆಗಳಿಂದ ಪದ ತಗೊಂಡೆವು, ಹಾಗಾಗಿ ಎರಡನೇ ಅರ್ಥ ಮಾತ್ರ ನಮಗೆ ಬಂತು. ಮೊದಲನೆಯದು ಅವರ ಅಡುಗೆಮನೆಯಲ್ಲೇ ಉಳೀತು."

ಪಕ್ಕದವಳು ನನ್ನ ಮೊಣಕೈ ತಿವಿದು, "ಯಾಕೆ, ಮೈಯಲ್ಲಿ ಹುಷಾರಿಲ್ವಾ?" ಅಂದಳು. ಶನಿವಾರದ ಮೊದಲ ರೈಲು ಹಿಡಿದು ಮನೆಗೆ ಹೋದೆ.

ಅಪ್ಪ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದ. ಗಣಿಯ ದೂಳು ಆಗಲೇ ಎದೆಗೆ ಇಳಿದಿತ್ತು. ಪಿಂಚಣಿ ಕೊಟ್ಟು ಮನೆಗೆ ಕಳಿಸಿದ್ದರು. ಅಮ್ಮ ಚರ್ಚಿಗೆ ಹೂ ಕಟ್ಟಲು ಹೋಗಿದ್ದಳು.

"ಸಬೋತಾಷ್ ಅಂದ್ರೆ ಏನಪ್ಪಾ?"

ಅವನ ಚಾಕು ನಿಂತಿತು. "ಯೂನಿವರ್ಸಿಟೀಲಿ ಓದೋಳು ನೀನು. ನನ್ನನ್ನೇನು ಕೇಳ್ತೀಯ?"

"ನಿನ್ನನ್ನ ಒಂದ್ಸಲ ಕೇಳಿದ್ರಲ್ಲ, ಅದಕ್ಕೆ."

ಅವನು ಬಹಳ ಹೊತ್ತು ಕೆಮ್ಮಿದ. ಆಮೇಲೆ ಸುಲಿಯಲು ಶುರು ಮಾಡಿದ.

"ನಿಂಗೆ ಗೊತ್ತಿತ್ತಾ?"

"ಗೊತ್ತಿರದೆ ಏನು. ಒದೀಲ್ ದಿನಾ ನನಗೆ ಅದೇ ಬೈತಿದ್ಲು. ಶರ್ಟು ಸೊಟ್ಟಗೆ ಮಡಚಿದ್ರೆ ಸಾಬೊತೇ, ಬ್ರೆಡ್ಡು ದಪ್ಪ ಕೊಯ್ದ್ರೆ ಸಾಬೊತೇ."

"ಮತ್ಯಾಕೆ ಹಾಗೆ ಹೇಳ್ದೆ?"

"ವಿಚಾರಣೆ ಹಿಂದಿನ ದಿನ ಮೇಲಿನ ಬೀದಿ ಆಫೀಸಿನವರು ಇಬ್ರು ಬಂದಿದ್ರು. ಈ ಕುರ್ಚಿಗಳಲ್ಲೇ ಕೂತಿದ್ರು. ನೀನು ಅಲ್ಲಿ ನೆಲದ ಮೇಲೆ ಗೊಂಬೆ ಆಡ್ತಿದ್ದೆ. 'ಫ್ರೆಂಚ್ ತಾಯಿ ಮಗು ಅಲ್ವಾ? ಸರ್ಕಾರದ ಅನಾಥಾಲಯದಲ್ಲಿ ಇಂಥ ಮಕ್ಕಳನ್ನ ಚೆನ್ನಾಗಿ ತಿದ್ತಾರೆ' ಅಂದ್ರು. ನಿನ್ನ ಕೆನ್ನೆ ಚಿವುಟಿ ಹೋದ್ರು."

"ನನ್ನನ್ನ ಅಡ್ಡ ಇಟ್ಕೋಬೇಡ."

"ಅಡ್ಡ ಇಟ್ಕೊಂಡಿಲ್ಲ. ಕೇಳ್ದೆ, ಹೇಳ್ದೆ. ಒಂದ್ಕಡೆ ನೀನು, ಒಂದ್ಕಡೆ ಅವಳು. ತೂಗಿ ನೋಡ್ದೆ. ಇವತ್ತು ಕೇಳಿದ್ರೂ ಅದೇ ಹೇಳ್ತೀನಿ."

"ಮೇಲೆ ಹೋಗಿ ಅವಳಿಗೆ ಒಂದು ಮಾತು ಹೇಳು. ತಪ್ಪಾಯ್ತು ಅನ್ನು."

"ಅಂದ್ರೆ ಅವಳ ಹಲ್ಲು ಹುಟ್ಟುತ್ತಾ?"

"ಹೇಳದಿದ್ರೆ ನಾನು ಈ ಮನೆಗೆ ಕಾಲಿಡಲ್ಲ."

ಅವನು ಸುಲಿದ ಆಲೂಗಡ್ಡೆಯನ್ನು ನೀರಿಗೆ ಹಾಕಿದ. "ಇಡಬೇಡ. ಎಲ್ಲಾದ್ರೂ ಬದುಕಿರು, ಸಾಕು. ಬರಬೇಕು ಅನ್ನಿಸಿದ್ರೆ ನೀನಾಗೇ ಬಾ. ನಾನು ಕರೆಯಲ್ಲ."

ನಾನು ಹೋಗಲಿಲ್ಲ. ಅವನು ಕರೆಯಲಿಲ್ಲ. ಅಮ್ಮ ಮಾತ್ರ ತಿಂಗಳಿಗೊಮ್ಮೆ ಸಾಸೇಜ್ ಕಟ್ಟಿಕೊಂಡು ನನ್ನ ಹಾಸ್ಟೆಲಿಗೆ ಬಂದು, ಏನು ಜಗಳ ಎಂದು ಗೊತ್ತಿಲ್ಲದೆಯೇ ಅತ್ತು ಹೋಗುವಳು.

ಎರಡು ವರ್ಷ ಕಳೆದ ಮೇಲೆ, ಅಕ್ಟೋಬರಿನಲ್ಲಿ, ಅಪ್ಪ ತೀರಿಕೊಂಡ ತಂತಿ ಬಂತು. ನಾನು ಹೋದಾಗ ಪೆಟ್ಟಿಗೆಗೆ ಮುಚ್ಚಳ ಹಾಕಿ ಆಗಿತ್ತು. ಗಣಿಯ ಬ್ಯಾಂಡಿನವರು ಗರಿಯ ಟೋಪಿ ಹಾಕಿಕೊಂಡು ಮುಂದೆ ನಡೆದರು. ಮೊದಲ ಸಾಲಿನಲ್ಲಿ ಗೇನ್ಯಾ ನಿಂತಿದ್ದಳು. ಅಮ್ಮ ಅವಳ ಹೆಗಲ ಮೇಲೆ ತಲೆಯಿಟ್ಟು ಅಳುತ್ತ ನನಗೆ ಹೇಳಿದಳು: "ಕೊನೇ ಎರಡು ದಿನ ಇವಳೇ ಕೂತಿದ್ಲು ಕಣೇ. ಅವನು ಬರೀ ಫ್ರೆಂಚಲ್ಲೇ ಮಾತಾಡ್ತಿದ್ದ, ನನಗೆ ಒಂದೂ ತಿಳೀಲಿಲ್ಲ. ಬೇರೆ ಫ್ರೆಂಚರೆಲ್ಲ ಊರು ಬಿಟ್ಟು ಹೋದ್ರಲ್ಲ. ಇವಳ ಕಾಲಿಗೆ ಬಿದ್ದೆ. ಬಂದ್ಲು."

ಓದು ಮುಗಿಸಿ ನಾನು ವಾವ್ಬ್ಝಿಖ್‌ಗೇ ವಾಪಸ್ ಬಂದೆ, ಸ್ಕೂಲಿನಲ್ಲಿ ಫ್ರೆಂಚ್ ಕಲಿಸಲು. ಅಮ್ಮನನ್ನು ಒಂಟಿ ಬಿಡಲು ಮನಸ್ಸಾಗಲಿಲ್ಲ. ಪ್ರತಿ ಭಾನುವಾರ ಅಮ್ಮ ಕೋಳಿ ಸಾರು ಮಾಡಿ ಒಂದು ಪಾತ್ರೆ ಮೇಲಕ್ಕೆ ಕಳಿಸುವಳು. ಒಯ್ಯುವುದು ನಾನು. ಗೇನ್ಯಾ ಅತ್ತೆ ಎಂದು ಕರೆಯುತ್ತಿದ್ದೆ. ಅವಳು ಸಾರು ತೆಗೆದುಕೊಂಡು, "ಇಡು," ಅನ್ನುವಳು. ಕೂರಿಸಿಕೊಂಡರೆ ಹಳೆಯದನ್ನು ಹೇಳುವಳು, ಚೂರು ಚೂರು. ದೀಪದ ಕೋಣೆ, ಬೀಗದ ಗೊಂಚಲು, ಚಹಾ ಕೊಟ್ಟ ಸಭ್ಯ ಹುಡುಗ. ಅಪ್ಪನ ವಿಷಯ ಬಂದರೆ ಬಾಯಿ ಮುಚ್ಚುವಳು.

ಊರಿನ ಜನ ಗಟ್ಟಿಯಾಗಿ ಮಾತಾಡಲು ಧೈರ್ಯ ಮಾಡಿದ ಒಂದು ವರ್ಷ ಬಂತಲ್ಲ, ಗಣಿಗಳಲ್ಲೆಲ್ಲ ಮುಷ್ಕರ, ಗೇಟುಗಳ ಮೇಲೆ ಬಾವುಟ. ಆ ಹುರುಪಿನಲ್ಲಿ ನಾನೊಂದು ಭಾನುವಾರ ಅವಳಿಗೆ ಹೇಳಿದೆ:

"ಅತ್ತೆ, ಈಗ ಕೇಳಿದ್ರೆ ನಿಮ್ಮ ತೀರ್ಪು ರದ್ದು ಮಾಡ್ತಾರೆ. ಆ ಪದದ ವಿಷಯ ನಾನು ಬಂದು ಹೇಳ್ತೀನಿ. ಎಲ್ಲಾ ಆಧಾರ ಇದೆ ನನ್ನ ಹತ್ರ."

"ಈಗ ನೀನು ಹೇಳ್ತೀಯಾ?" ಅವಳು ಸಾರಿನಲ್ಲಿ ಚಮಚ ಆಡಿಸಿದಳು. "ಅಪ್ಪ ಹೇಳದೆ ಇದ್ದದ್ದನ್ನ ಮಗಳು ಹೇಳ್ತಾಳೆ. ಚೆನ್ನಾಗಿದೆ."

"ಅಪ್ಪನಿಗೂ ಒಳಗೆ ಕೊರೀತಿತ್ತು ಅತ್ತೆ. ನನಗೆ ಗೊತ್ತು. ಕೊನೇಲಿ ನಿಮ್ಮ ಹತ್ರ ಕ್ಷಮೆ ಕೇಳಿರ್ತಾನೆ ಅವನು. ಅಲ್ವಾ?"

ಅವಳು ಚಮಚ ಕೆಳಗಿಟ್ಟು ನನ್ನನ್ನೇ ನೋಡಿದಳು. ನನ್ನ ಮುಖದಲ್ಲಿ ಯಾವುದೋ ಆಸೆ ಕಂಡಿರಬೇಕು, ಅದನ್ನು ಅವಳಿಂದ ತಡೆಯಲಾಗಲಿಲ್ಲ ಎಂದು ಕಾಣುತ್ತದೆ.

"ಕ್ಷಮೆನಾ? ನಾನು ಯಾರು ಅಂತಲೇ ಗೊತ್ತಾಗ್ಲಿಲ್ಲ ಅವನಿಗೆ. ನನ್ನನ್ನ ನಿನ್ನ ಹೆತ್ತಮ್ಮ ಅಂದ್ಕೊಂಡಿದ್ದ. ಒದೀಲ್, ಒದೀಲ್ ಅಂತ ಕೈ ಹಿಡ್ಕೊಂಡ. ನಾನೂ ಬಿಡಿಸ್ಕೊಳ್ಳಲಿಲ್ಲ. ಇರ್ಲಿ ಅಂತ ಬಿಟ್ಟೆ."

"ಏನ್ ಹೇಳ್ತಿದ್ದ?"

"ಲಾ ಪ್ತೀತ್, ಲಾ ಪ್ತೀತ್ ಅಂತ."

ಲಾ ಪ್ತೀತ್ ಅಂದರೆ ಪುಟ್ಟಿ. ನಾನು ಮಾತು ಕಲಿಯುವ ಮುಂಚೆ ಅಪ್ಪ ನನ್ನನ್ನು ಹಾಗೆ ಕರೆಯುತ್ತಿದ್ದನಂತೆ. ಮದುವೆಯಾದ ಮೇಲೆ ನಿಲ್ಲಿಸಿದ್ದ.

"'ಪುಟ್ಟೀನ ಕರ್ಕೊಂಡ್ ಬಾ ಒದೀಲ್, ಪುಟ್ಟಿ ಎಲ್ಲಿ, ಪುಟ್ಟೀನ ಒಂದ್ಸಲ ನೋಡ್ಬೇಕು.' ಎರಡು ದಿನ ಇದೇ. ಅಳ್ತಿದ್ದ. ನಿಮ್ಮಮ್ಮ ಬಾಗಿಲಲ್ಲಿ ನಿಂತು ಕೈ ಹಿಸುಕ್ತಾ, 'ಏನಂತಾನೆ ಗೇನ್ಯಾ? ಮಗಳನ್ನ ಕೇಳ್ತಿದಾನಾ? ಕೇಳಿದ್ರೆ ಈಗಲೇ ತಂತಿ ಕೊಡ್ತೀನಿ. ಅವಳನ್ನ ನಾನಾಗಿ ಕರೀಬಾರದು ಅಂತ ನನ್ನಿಂದ ಆಣೆ ಮಾಡಿಸ್ಕೊಂಡಿದಾನೆ' ಅಂದ್ಲು."

"ನೀವೇನ್ ಹೇಳಿದ್ರಿ?"

"'ಇಲ್ಲ, ಮಗಳ ಸುದ್ದಿ ಇಲ್ಲ. ಗಣಿಯೊಳಗೆ ಗಾಡಿ ಎಳೀತಿದ್ದ ಕುದುರೆ ಜೊತೆ ಮಾತಾಡ್ತಿದಾನೆ. ಕುದುರೆಗೆ ಹುಲ್ಲು ಹಾಕಿದ್ರಾ ಅಂತ ಕೇಳ್ತಿದಾನೆ' ಅಂದೆ."

ಕೆಳಗೆ ಅಮ್ಮ ರೇಡಿಯೋದ ಜೊತೆ ಚರ್ಚಿನ ಹಾಡು ಗುನುಗುತ್ತಿದ್ದಳು.

"ಮೊದಲನೇ ಮಧ್ಯಾಹ್ನಾನೇ ಕರೆಸಿದ್ರೆ ನೀನು ಸಂಜೆಗೆ ಬರ್ತಿದ್ದೆ," ಅವಳು ಮುಂದುವರಿಸಿದಳು. "ಅದು ನನಗೆ ಗೊತ್ತಿತ್ತು. ರೈಲಿನ ಹೊತ್ತೂ ಗೊತ್ತಿತ್ತು. ಎರಡನೇ ದಿನ ಅವನಿಗೆ ಕಣ್ಣು ಕಾಣ್ತಿರ್ಲಿಲ್ಲ. ಬಾಗಿಲು ಸದ್ದಾದಾಗೆಲ್ಲ 'ಬಂದ್ಲಾ' ಅಂತಿದ್ದ. ನಾನು ಅವನ ಭಾಷೇಲೇ 'ಅವಳು ಬರಲ್ವಂತೆ' ಅಂದೆ."

"ಅತ್ತೆ!"

"ಯಾಕೆ? ನೀನು ಕೇಳ್ದೆ, ನಾನು ಹೇಳ್ದೆ."

"ನಾನೇನು ಮಾಡಿದ್ದೆ ನಿಮಗೆ?"

"ನೀನಾ? ಏನೂ ಇಲ್ಲ. ನಮ್ಮಪ್ಪ ಏನು ಮಾಡಿದ್ದ ನಿಮ್ಮಪ್ಪನಿಗೆ? ಹಾಸ್ಟೆಲಲ್ಲಿ ಸಾಯೋವಾಗ ಬಾಗಿಲು ನೋಡ್ತಾ ಸತ್ತನಂತೆ. ಗುಡಿಸೋ ಹೆಂಗಸು ಹೇಳಿದ್ಲು."

"ಮನಸ್ಸಿಗೆ ಸಮಾಧಾನ ಆಯ್ತಾ?" ನಾನು ಕೇಳಿದೆ.

ನನ್ನ ಹತ್ತಿರ ಅವಳು ಸುಳ್ಳು ಹೇಳುತ್ತಿರಲಿಲ್ಲ. "ಆ ಎರಡು ದಿನ ಆಗಿತ್ತು. 'ಬರಲ್ವಂತೆ' ಅಂದಾಗ ಅವನ ಮುಖ ಹೇಗಾಯ್ತು ಅಂತ ನೋಡೋಕೆ ಬಗ್ಗಿ ನೋಡ್ದೆ. ನೋಡ್ಬಿಟ್ಟೆ. ಆಮೇಲೆ ಇಲ್ಲ. ಸಾರು ಆರಿಹೋಯ್ತು, ಬಿಸಿ ಮಾಡಿ ಕೊಡ್ತೀಯಾ?"

ನಾನು ಎದ್ದೆ. ಪಾತ್ರೆ ಒಲೆಯ ಮೇಲಿಟ್ಟೆ. ಅದು ಕುದಿಯುವ ತನಕ ಅವಳಿಗೆ ಬೆನ್ನು ಹಾಕಿ ನಿಂತಿದ್ದೆ. ಬಡಿಸಿ ಕೆಳಗಿಳಿದೆ.

ಅಮ್ಮನಿಗೆ ನಾನು ಹೇಳಲಿಲ್ಲ. ಮುಂದಿನ ಭಾನುವಾರ ಅಮ್ಮ ಪಾತ್ರೆ ತುಂಬಿ ಕೈಗೆ ಕೊಟ್ಟಾಗ ಒಂದು ಕ್ಷಣ ಅದನ್ನು ಸಿಂಕಿಗೆ ಸುರಿಯಬೇಕು ಅನ್ನಿಸಿತು. ಸುರಿದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಹತ್ತಿ ಹೋಗಿ ಕೊಟ್ಟೆ. ಗೇನ್ಯಾ ಮುಚ್ಚಳ ತೆಗೆದು ನೋಡಿ, "ಕ್ಯಾರೆಟ್ ಜಾಸ್ತಿ ಹಾಕ್ತಾಳೆ ನಿಮ್ಮಮ್ಮ," ಅಂದಳು. ಅವಳು ಬದುಕಿರುವ ತನಕ ಒಯ್ದೆ, ಒಂದು ವಾರವೂ ತಪ್ಪಿಸಲಿಲ್ಲ. ಕೂರು ಎಂದರೆ ಮಾತ್ರ ಕೂರುತ್ತಿರಲಿಲ್ಲ. ತೀರ್ಪು ರದ್ದಾಗಲಿಲ್ಲ, ಅವಳು ಕೇಳಲೂ ಇಲ್ಲ. "ಮತ್ತೆ ಒಂದು ಮೇಜಿನ ಮುಂದೆ ನಿಂತು ಆ ಪದ ಹೇಳೋಕೆ ನನ್ನ ಕೈಲಾಗಲ್ಲ," ಎಂದು ಒಮ್ಮೆ ಬಾಗಿಲಲ್ಲೇ ಹೇಳಿದಳು.

ಅವಳು ಹೋದದ್ದು ಒಂದು ಜನವರಿಯಲ್ಲಿ, ನ್ಯುಮೋನಿಯಾ ಆಗಿ. ಆಸ್ಪತ್ರೆಯಲ್ಲಿ ಅವಳ ಪಕ್ಕದಲ್ಲಿ ಯಾರೂ ಇರಲಿಲ್ಲ. ನಾನು ಸ್ಕೂಲಿನಲ್ಲಿದ್ದೆ. ಬೀದಿಯಲ್ಲಿ ಅವಳ ಹಿಂದೆ ಕೂಗುತ್ತ ದೊಡ್ಡವರಾದವರಲ್ಲಿ ಕೆಲವರು ಮಣ್ಣಿಗೆ ಬಂದಿದ್ದರು. ಎದ್ಮುಂದ್ ಬಂದಿರಲಿಲ್ಲ.

ಅಮ್ಮ ಪಾದ್ರಿಯ ಕೈ ಹಿಡಿದು, "ತನ್ನನ್ನ ಜೈಲಿಗೆ ಕಳಿಸಿದವನ ಕೈ ಹಿಡ್ಕೊಂಡು ಎರಡು ದಿನ ಕೂತಿದ್ಲು ಫಾದರ್. ನನ್ನ ಕಣ್ಣಾರೆ ನೋಡಿದೀನಿ. ಸಂತಳು," ಎಂದು ಮೊದಲೇ ಹೇಳಿಟ್ಟಿದ್ದಳು. ಪಾದ್ರಿ ಅದನ್ನೇ ಪ್ರವಚನದಲ್ಲಿ ಎತ್ತಿಕೊಂಡರು. ವೈರಿಯನ್ನು ಕ್ಷಮಿಸಿದ ಈ ನಮ್ಮ ಸಹೋದರಿ, ಅಂದರು. ಕೆಲವು ಹೆಂಗಸರು ಕಣ್ಣೊರೆಸಿಕೊಂಡರು. ಅಮ್ಮ ನನ್ನ ತೋಳು ಒತ್ತಿ, "ಕೇಳಿಸ್ಕೊಂಡ್ಯಾ?" ಎಂದು ಪಿಸುಗುಟ್ಟಿದಳು.

"ಹೂಂ," ಅಂದೆ.

ಸ್ಮಶಾನದ ಗುಡ್ಡದಲ್ಲಿ ದಾರಿಯೆಲ್ಲ ಮಂಜುಗಟ್ಟಿತ್ತು. ಅಮ್ಮ ಜಾರದಂತೆ ಅವಳ ಸೊಂಟ ಬಳಸಿ ಹಿಡಿದುಕೊಂಡು, ನಿಧಾನವಾಗಿ ಕೆಳಗಿಳಿಸಿಕೊಂಡು ಬಂದೆ.